ಕೃಷ್ಣಮ್ಮ ನೋಡಿದ ಇಥಿಯೋಪಿಯಾ

ಕೃಷ್ಣಮ್ಮ ಸಿನಿಮಾ ನೋಡುವ ಹೆಂಗಸೇ ಅಲ್ಲ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಯಶವಂತಪುರದ ಟಾಕೀಸಿಗೆ ಎರಡು ಸಲ ಹೋಗಿದ್ದರಂತೆ, ಎರಡು ಸಲವೂ ಇಂಟರ್‌ವಲ್ ಆದ ಮೇಲೆ ನಿದ್ದೆ ಹೋಗಿದ್ದರಂತೆ. ಅಂಥವರು ಎರಡು ವರ್ಷದ ಹಿಂದೆ ಸಹಕಾರನಗರದ ನಮ್ಮ ವಾಚನಾಲಯಕ್ಕೆ ಬಂದು, ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಇಥಿಯೋಪಿಯಾ ದೇಶದ ಏಳು ಸಿನಿಮಾ ನೋಡಿದರು. ಕಣ್ಣು ಮಿಟುಕಿಸಿದರೆ ಏನೋ ತಪ್ಪಿಹೋಗುತ್ತದೆ ಎನ್ನುವ ಹಾಗೆ ನೋಡಿದರು. ಆ ಸಿನಿಮಾಗಳನ್ನು ತೋರಿಸಿದವನು ನಾನೇ ಆದ್ದರಿಂದ ಅವರ ಕಥೆ ನನಗೆ ಗೊತ್ತು.

ನನ್ನ ಹೆಸರು ವೀರಬಸಪ್ಪ. ಗದಗಿನ ಕಡೆಯವನು. ಜಾಲಹಳ್ಳಿಯ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ರಿಟೈರ್ ಆದೆ. ಕ್ವಾರ್ಟರ್ಸ್‌ನಲ್ಲಿದ್ದಾಗ ಹತ್ತಿದ ಹುಚ್ಚು ಒಂದೇ, ಬೇರೆ ಬೇರೆ ದೇಶದ ಸಿನಿಮಾ ನೋಡುವುದು. ಸಹಕಾರನಗರಕ್ಕೆ ಬಂದ ಮೇಲೆ ವಾಚನಾಲಯದವರನ್ನು ಕಾಡಿ ಬೇಡಿ, ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಹಾಲ್ ಬಿಡಿಸಿಕೊಂಡೆ. ಬರುವವರು ಇಪ್ಪತ್ತು ಇಪ್ಪತ್ತೈದು ಜನ, ಬಹಳಷ್ಟು ನನ್ನ ವಯಸ್ಸಿನವರೇ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಹಿಡಿಯುವುದು ಅವರಿಗೆ ಕಷ್ಟ. ಹಾಗಾಗಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಬಂದ ಸಾಲನ್ನು ಬಂದ ಹಾಗೇ ಕನ್ನಡ ಮಾಡಿ ಗಟ್ಟಿಯಾಗಿ ಓದುತ್ತೇನೆ. ಜಪಾನಿನ ಮುದುಕನೂ ಇರಾನಿನ ಹೆಂಗಸೂ ನನ್ನ ಬಾಯಲ್ಲಿ ಗದಗಿನವರಾಗಿಬಿಡುತ್ತಾರೆ ಎಂದು ಎಲ್ಲರೂ ನಗುತ್ತಾರೆ.

ಕೃಷ್ಣಮ್ಮ ಹುಟ್ಟಿದ್ದು ತುಮಕೂರು ರಸ್ತೆಯ ಮಾಕಳಿಯಲ್ಲಿ. ಹತ್ತೊಂಬತ್ತಕ್ಕೆ ಕೊಡಿಗೇಹಳ್ಳಿಯ ಚಿಕ್ಕಹನುಮಯ್ಯನವರ ಮಗ ನಾಗಭೂಷಣ ಅವರಿಗೆ ಕೊಟ್ಟರು. ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ. ಹೊಲವೆಲ್ಲ ಲೇಔಟ್ ಆಗಿ ಕೊನೆಗೆ ಉಳಿದದ್ದು ಎರಡಂತಸ್ತಿನ ಒಂದು ಮನೆ ಮತ್ತು ರೈಲು ಹಳಿಯ ಪಕ್ಕದ ಒಂದು ಚೂರು ಜಾಗ. ಅವರದು ಸತ್ತವರನ್ನು ಹೂಳುವ ಮನೆತನ. ಆ ಚೂರು ಜಾಗದಲ್ಲಿ ಹಿರಿಯರ ಸಮಾಧಿಗಳಿವೆ. ಈಗ ಅದರ ಮೂರೂ ಕಡೆ ಅಪಾರ್ಟ್‌ಮೆಂಟು.

ನಾಗಭೂಷಣ ಅವರದು ಗುಲಾಬಿಗೆ ಹೇಳಿ ಮಾಡಿಸಿದ ಕೈ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಸಿ ಕಟ್ಟುವುದನ್ನು ಕಲಿತು, ದೊಡ್ಡಬಳ್ಳಾಪುರದ ಕಡೆಯ ಹಸಿರುಮನೆಗಳಲ್ಲಿ ಮೇಸ್ತ್ರಿಯಾಗಿದ್ದರು. ಮೊಗ್ಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಸುಕಿ, ಇದು ನಾಳೆ, ಇದು ನಾಡಿದ್ದು ಎಂದು ಹೇಳುತ್ತಿದ್ದರಂತೆ. ೨೦೧೪ರಲ್ಲಿ ಇಥಿಯೋಪಿಯಾದ ಹೂವಿನ ತೋಟವೊಂದಕ್ಕೆ ಮೇಲ್ವಿಚಾರಕರು ಬೇಕು ಎಂದು ಯಾರೋ ಕೇಳಿದರು. ಹೋದರು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಿದ್ದರು. ಉಳಿದಂತೆ ಫೋನು. ಫೋನ್ ಇಡುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದರು: “ಐಜೋಶ್.” ಏನ್ರೀ ಅದು ಎಂದು ಕೃಷ್ಣಮ್ಮ ಕೇಳಿದರೆ ನಗುತ್ತಿದ್ದರು, ಅಷ್ಟೆ.

೨೦೨೦ರ ಜೂನ್ ತಿಂಗಳಲ್ಲಿ ಅವರು ಅಲ್ಲೇ ತೀರಿಕೊಂಡರು. ನ್ಯುಮೋನಿಯಾ ಎಂದು ಕಂಪನಿಯವರು ಹೇಳಿದರು. ಕೋವಿಡ್ ಕಾಲ, ವಿಮಾನವಿಲ್ಲ. ಅಲ್ಲೇ ಮಣ್ಣು ಮಾಡಿದೆವು ಎಂದು ಮಾರನೇ ದಿನ ಮತ್ತೊಂದು ಫೋನ್ ಬಂತು. ಹಿಂದೆಯೇ ವಾಟ್ಸಾಪ್‌ನಲ್ಲಿ ಒಂದು ಫೋಟೋ. ಪಿಕಪ್ ಗಾಡಿಯ ಹಿಂದೆ ಒಂದು ಮರದ ಪೆಟ್ಟಿಗೆ, ಅದರ ಪಕ್ಕ ಬಿಳೀ ಪ್ಲಾಸ್ಟಿಕ್ ಉಡುಪಿನ ಇಬ್ಬರು, ಅವರೂ ಬೆನ್ನು ತಿರುಗಿಸಿ ನಿಂತವರು. ಮತ್ತೆ ಯಾರೂ ಇಲ್ಲ. ಇಲ್ಲಿ ಕೊಡಿಗೇಹಳ್ಳಿಯಲ್ಲಿ ಫೋಟೋ ಇಟ್ಟು ಹನ್ನೊಂದನೇ ದಿನದ ಕಾರ್ಯ ಮುಗಿಸಿದರು. ಆಗ ಮಗಳು ಸ್ಮಿತಾಗೆ ಹದಿನೈದು.

ಚಿಕ್ಕಹನುಮಯ್ಯನವರು ಮಗನ ಮೂಳೆಯನ್ನಾದರೂ ತರಿಸಿ ಹಳಿ ಪಕ್ಕದ ಜಾಗದಲ್ಲಿ ಇಡಬೇಕೆಂದು ಹಟ ಹಿಡಿದರು. ತಮ್ಮ ಹೆಂಡತಿಯ ಸಮಾಧಿಯ ಪಕ್ಕ ಜಾಗ ಬಿಡಿಸಿಟ್ಟು, ಕಂಡವರ ಕೈಲೆಲ್ಲ ಅರ್ಜಿ ಬರೆಸಿದರು. ಕೃಷ್ಣಮ್ಮನ ಚಿಂತೆ ಬೇರೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಫೋಟೋದ ಬೆನ್ನುಗಳು ಅವರ ಕಣ್ಣಿಗೆ ಕಟ್ಟಿದ್ದವು. ನನ್ನ ಗಂಡನಿಗೆ ಒಬ್ಬರಾದರೂ ಅತ್ತರೋ ಇಲ್ಲವೋ? ಅವರಿಗೆ ಹೆಬ್ಬಾಳದ ವಿಶ್ವವಿದ್ಯಾಲಯದ ಸಸಿ ಮಾರಾಟದ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ನುಗ್ಗೆ, ಸಪೋಟ, ಕರಿಬೇವು ಎಂದು ಕೇಳಿದವರಿಗೆ ಎತ್ತಿಕೊಡುತ್ತ, ನೀರು ಹಾಕುವುದು ಹೇಗೆಂದು ತಿಳಿಸುತ್ತ ದಿನ ಕಳೆದರು. ಗುಲಾಬಿ ಕೇಳಿದರೆ ಮಾತ್ರ ಪಕ್ಕದವರ ಕಡೆ ಕೈ ತೋರಿಸುತ್ತಿದ್ದರು.

ಹಿರುತ್ ಬಂದದ್ದು ೨೦೨೩ರಲ್ಲಿ. ಇಪ್ಪತ್ತೊಂಬತ್ತರ ಹುಡುಗಿ, ಅದೇ ವಿಶ್ವವಿದ್ಯಾಲಯದಲ್ಲಿ ರಾಗಿಗೆ ಬರುವ ಬೆಂಕಿ ರೋಗದ ಮೇಲೆ ಪಿಎಚ್‌ಡಿ ಮಾಡಲು ಬಂದವಳು. ಬ್ರೋಕರ್ ಅವಳನ್ನು ಏಳೆಂಟು ಮನೆ ಸುತ್ತಿಸಿದ್ದ. ಒಂದು ಕಡೆ ಮೇಲಿನ ಮನೆ ರಿಪೇರಿ ಇದೆ ಅಂದರು, ಇನ್ನೊಂದು ಕಡೆ ನೆಂಟರು ಬರ್ತಾರೆ ಅಂದರು. ಕೃಷ್ಣಮ್ಮನ ಗೇಟಿನ ಮುಂದೆ ನಿಂತು ಬ್ರೋಕರ್ ದನಿ ತಗ್ಗಿಸಿದ: “ಇಥಿಯೋಪಿಯಾದವ್ರಂತೆ ಅಮ್ಮ. ಬೇಡ ಅಂದ್ರೆ ಬೇಡ ಅನ್ನಿ, ಬೇಜಾರಿಲ್ಲ.”

ಕೃಷ್ಣಮ್ಮ ಒಳಗೆ ಹೋಗಿ ಬೀಗದ ಕೈ ತಂದು ಹುಡುಗಿಯ ಕೈಗೇ ಕೊಟ್ಟರು.

ಕೊಟ್ಟರೂ ಮಾತಾಡಲು ಭಾಷೆ ಇರಲಿಲ್ಲ. ಹೂವಿನ ತೋಟದ ಊರಿನ ಹೆಸರು ಹೇಳಿದರು. ಹಿರುತ್ ಮೊಬೈಲಿನಲ್ಲಿ ನಕಾಶೆ ತೆಗೆದು, ತನ್ನ ಊರು ಅಲ್ಲಿಂದ ಬಹಳ ದೂರ ಎಂದು ಬೆರಳಿನಿಂದ ತೋರಿಸಿದಳು. ಅಲ್ಲಿಗೆ ಆ ಮಾತು ನಿಂತಿತು. ಮುಂದಿನ ಆರು ತಿಂಗಳು ಇಬ್ಬರ ನಡುವೆ ಓಡಾಡಿದ್ದು ರಾಗಿಯೇ. ಅವರ ದೇಶದಲ್ಲೂ ರಾಗಿ ತಿನ್ನುತ್ತಾರೆ, ಅಷ್ಟೇ ಅಲ್ಲ, ಅದು ಮೊದಲು ಹುಟ್ಟಿದ್ದೇ ಆ ಕಡೆಯ ಬೆಟ್ಟಗಳಲ್ಲಿ ಎಂದು ತಿಳಿದಾಗ ಚಿಕ್ಕಹನುಮಯ್ಯನವರು ಅರ್ಧ ದಿನ ಅದನ್ನೇ ಯೋಚಿಸುತ್ತ ಕೂತಿದ್ದರಂತೆ. ಹಿರುತ್ ಕನ್ನಡ ಕಲಿತದ್ದು ಹೊಲದಲ್ಲಿ ಕಳೆ ಕೀಳುವ ಹೆಂಗಸರಿಂದ. ಹಾಗಾಗಿ ಅವಳ ಬಾಯಲ್ಲೂ ಹಕಾರ ಇರಲಿಲ್ಲ. “ಅಮ್ಮ, ಎಂಗಿದ್ದೀರಾ?” ಎನ್ನುತ್ತಿದ್ದಳು.

ವಾಚನಾಲಯಕ್ಕೆ ಇಂಗ್ಲಿಷ್ ಪೇಪರ್ ಓದಲು ಬರುತ್ತಿದ್ದ ಹಿರುತ್ ನನಗೆ ಪರಿಚಯವಾದಳು. ನಿಮ್ಮ ದೇಶದ ಸಿನಿಮಾ ಒಂದೂ ನೋಡಿಲ್ಲ, ನೋಡಲೇಬೇಕಾದ್ದು ಯಾವುದು, ಬರೆದುಕೊಡು ಎಂದೆ. ಒಂದು ವಾರ ತೆಗೆದುಕೊಂಡಳು. ಗೆರೆ ಹಾಕಿದ ಹಾಳೆಯಲ್ಲಿ ಏಳು ಹೆಸರು, ಪ್ರತಿಯೊಂದರ ಮುಂದೆ ಇಂಗ್ಲಿಷಿನಲ್ಲಿ ಒಂದೊಂದು ಸಾಲು. “ಮೊದಲ ಹತ್ತು ನಿಮಿಷ ಬೇಸರ ಬರುತ್ತದೆ, ತಾಳಿಕೊಳ್ಳಿ.” “ಹಾಡು ಜಾಸ್ತಿ, ಕ್ಷಮಿಸಿ.” “ನನ್ನ ಅಮ್ಮನಿಗೆ ಇಷ್ಟವಾದ ಸಿನಿಮಾ, ನನಗೆ ಅಷ್ಟಿಲ್ಲ.” ನಾಲ್ಕನೆಯದರ ಮುಂದೆ ಮಾತ್ರ: “ಇದನ್ನು ಒಬ್ಬರೇ ಕೂತು ನೋಡಬೇಡಿ.” ಸಿನಿಮಾಗಳನ್ನೂ ಅವಳೇ ತನ್ನ ಗೆಳೆಯರಿಂದ ತರಿಸಿಕೊಟ್ಟಳು. ಗೇಟಿಗೆ ಅಂಟಿಸಲು ನಾನು ಬರೆದ ಚೀಟಿಯಲ್ಲಿ ಇಥಿಯೋಪಿಯಾ ಎಂಬ ಹೆಸರು ಓದಿಕೊಂಡು ಕೃಷ್ಣಮ್ಮ ಬಂದರು.

ಮೊದಲ ಸಿನಿಮಾ ಒಬ್ಬ ಬಸ್ ಡ್ರೈವರನದು. ಬೆಟ್ಟದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ಪ್ರಯಾಣಿಕರೆಲ್ಲ ಒಂದು ಹಗಲು ಒಟ್ಟಿಗೆ ಕಳೆಯುವ ಕಥೆ. ನಾನು ಓದುತ್ತಿದ್ದೆ, ಆದರೆ ಕೃಷ್ಣಮ್ಮ ಕೇಳುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಮಾತಾಡುವವರನ್ನಲ್ಲ, ಅವರ ಹಿಂದೆ ಇದ್ದದ್ದನ್ನು. ಕೆಂಪು ಮಣ್ಣು, ನೀಲಗಿರಿ ಮರ, ತಗಡಿನ ಮನೆ, ಕತ್ತೆಯ ಮೇಲೆ ನೀರಿನ ಕ್ಯಾನು. ಆಗಾಗ ತಮಗೆ ತಾವೇ ಸಣ್ಣಗೆ ಹೇಳಿಕೊಳ್ಳುತ್ತಿದ್ದರು: “ನೀಲಗಿರಿ ಐತೆ.” “ಮೋಡ ಕೆಳಗೇ ಬತ್ತದೆ.”

ಅರ್ಧ ಸಿನಿಮಾ ಆಗಿರಬೇಕು. ಅಳುತ್ತಿದ್ದ ಒಬ್ಬಳು ಪ್ರಯಾಣಿಕಳ ಪಕ್ಕ ಇನ್ನೊಬ್ಬಾಕೆ ಕೂತು ಬೆನ್ನು ಸವರಿ ಏನೋ ಅಂದಳು. ಕೃಷ್ಣಮ್ಮ ಧಡಕ್ಕನೆ ಎದ್ದು ನಿಂತರು.

“ವೀರಬಸಪ್ಪನೋರೇ, ನಿಲ್ಸಿ! ಆ ವಮ್ಮ ಈಗೇನಂದ್ಲು?”

ಪರದೆಯ ಕೆಳಗೆ ಬಂದಿದ್ದ ಇಂಗ್ಲಿಷ್ ಸಾಲು ಬರೀ “ಅಳಬೇಡ” ಎಂದಿತ್ತು. ಹಿಂದಿನ ಸಾಲಿನಿಂದ ಹಿರುತ್ ಹೇಳಿದಳು, “ಐಜೋಶ್ ಅಂದ್ಲು ಅಮ್ಮ. ಎಣ್ಣಿಗೆ ಏಳೋದು. ಧೈರ್ಯವಾಗಿರು, ನಾನಿದ್ದೀನಿ ಅಂತ.”

ಕೃಷ್ಣಮ್ಮ ಕೂತರು. ಆರು ವರ್ಷ ಗಂಡ ಹೇಳಿದ ಮಾತಿನ ಅರ್ಥ ಅವರಿಗೆ ಸಿಕ್ಕಿದ್ದು ಆ ಕುರ್ಚಿಯ ಮೇಲೆ. ನಾನು ಸಿನಿಮಾ ಮುಂದುವರಿಸಿದೆ. ಕೆಲವು ಸಾಲು ಓದುವುದು ತಪ್ಪಿಹೋಯಿತು.

ಎರಡನೆಯದು, ಮೂರನೆಯದು ಸರಾಗವಾಗಿ ಮುಗಿದವು. ಕೃಷ್ಣಮ್ಮ ಕಥೆಯನ್ನೂ ಹಿಡಿಯತೊಡಗಿದ್ದರು. ನಾಲ್ಕನೆಯದು ಬಂತು.

ಅದು ಒಬ್ಬ ಮುದುಕನ ಕಥೆ. ಆ ದೇಶದಲ್ಲಿ ಕೇರಿಕೇರಿಗೂ ಒಂದು ಸಂಘವಿರುತ್ತದೆಯಂತೆ. ಯಾರಾದರೂ ಸತ್ತರೆ ಸಂಘದವರು ಬಂದು ಡೇರೆ ಹಾಕುತ್ತಾರೆ, ಬೆಂಚು, ತಟ್ಟೆ, ಲೋಟ ತರುತ್ತಾರೆ, ಮೂರು ದಿನ ಸತ್ತವರ ಮನೆಯವರನ್ನು ಒಂಟಿಯಾಗಿ ಬಿಡುವುದಿಲ್ಲ. ಬೆಳಗಾಗುತ್ತಲೇ ಕಹಳೆ ಊದಿ, ಸತ್ತವರ ಹೆಸರನ್ನು ಬೀದಿಬೀದಿಯಲ್ಲಿ ಕೂಗುವವನು ಈ ಮುದುಕ. ಒಂದು ದಿನ ಅವನ ಕೇರಿಯ ಬಾಡಿಗೆ ಕೋಣೆಯಲ್ಲಿ ಎಲ್ಲಿಂದಲೋ ಬಂದ ಕೂಲಿಯವನೊಬ್ಬ ಸಾಯುತ್ತಾನೆ. ಅವನು ಸಂಘದವನಲ್ಲ. ಅವನ ಪೂರ್ತಿ ಹೆಸರೂ ಗೊತ್ತಿಲ್ಲ. ಸಂಘದ ಹಿರಿಯರು ಇದು ನಮ್ಮದಲ್ಲ ಎನ್ನುತ್ತಾರೆ. ಮುದುಕ ಇಡೀ ದಿನ ಸುಮ್ಮನೆ ಕೂರುತ್ತಾನೆ. ಮಾರನೇ ಬೆಳಿಗ್ಗೆ ಕಹಳೆ ತೆಗೆದುಕೊಂಡು ಹೊರಟು, ಹೆಸರಿಲ್ಲದ ಕಡೆ “ನಮ್ಮ ಬೀದಿಯಲ್ಲಿ ಮಲಗಿದ್ದವನು” ಎಂದು ಕೂಗುತ್ತಾನೆ. ಒಂದು ಬಾಗಿಲು ತೆರೆಯುತ್ತದೆ. ಆಮೇಲೆ ಇನ್ನೊಂದು. ಬಿಳೀ ಬಟ್ಟೆ ಹೊದ್ದ ಹೆಂಗಸರು ಬಂದು ಎದೆ ಬಡಿದುಕೊಂಡು ಅಳುತ್ತಾರೆ. ಬೇಯಿಸಿದ ಕಾಳು ಹಂಚುತ್ತಾರೆ.

ದೀಪ ಹಾಕಿದಾಗ ಕೃಷ್ಣಮ್ಮ ಹಿಂದಕ್ಕೆ ತಿರುಗಿ ಕೂತಿದ್ದರು, ಹಿರುತ್‌ಳ ಮುಖ ನೋಡುತ್ತ.

“ನಿಜವಾಗ್ಲೂ ಇಂಗೆ ಮಾಡ್ತಾರಾ? ಇಲ್ಲಾ ಪಿಚ್ಚರ್‌ಗೆ ಮಾಡವ್ರಾ?”

“ನಿಜವಾಗ್ಲೂ ಮಾಡ್ತಾರೆ ಅಮ್ಮ.”

“ಬೇರೆ ದೇಶದೋರ್ಗೂವೆ?”

ಆ ಹೊತ್ತಿನಲ್ಲಿ ಅಲ್ಲಿದ್ದವರಿಗೆಲ್ಲ ಕೃಷ್ಣಮ್ಮ ತಮ್ಮ ಗಂಡನ ವಿಷಯ ಹೇಳಿದರು. ಫೋಟೋದಲ್ಲಿ ಇಬ್ಬರ ಬೆನ್ನು ಬಿಟ್ಟರೆ ಯಾರೂ ಇಲ್ಲದ್ದು, ನಾಲ್ಕು ವರ್ಷದಿಂದ ಅದೊಂದೇ ಕೊರಗಾಗಿರುವುದು. “ಸಾಯೋದು ಎಲ್ರಿಗೂ ಇದ್ದಿದ್ದೇ. ಅಳೋರಿಲ್ದೆ ಓದ್ರಲ್ಲ ಅಂತ.”

ಹಿರುತ್ ಸುಳ್ಳು ಹೇಳಬಹುದಿತ್ತು. ಅತ್ತಿರುತ್ತಾರೆ ಬಿಡಿ ಎನ್ನಬಹುದಿತ್ತು. ಅವಳು ಹಾಗೆನ್ನಲಿಲ್ಲ. “ನಂಗೊತ್ತಿಲ್ಲ ಅಮ್ಮ. ಆಗ ಕೊರೊನಾ. ನಮ್ಮಣ್ಣ ಲಾರಿ ಓಡಿಸ್ತಾನೆ, ಆ ಕಡೆ ಓದಾಗ ಕೇಳ್ಕೊಂಡು ಬಾ ಅಂತ ಏಳ್ತೀನಿ,” ಎಂದಳು.

ಅಣ್ಣ ಮುಲುಗೇಟಾ ಒಪ್ಪಿಕೊಂಡ. ಆದರೆ ಅವನು ಹೊರಡುವ ಮೊದಲೇ ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹಿರುತ್‌ಗೆ ಲ್ಯಾಬಿನಲ್ಲಿ ಫೋನ್ ಬಂತು. ಊರಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಅಲ್ಲಿ ತಡಮಾಡುವ ಪದ್ಧತಿಯಿಲ್ಲ, ಮಾರನೇ ದಿನವೇ ಮಣ್ಣು. ಯಾವ ವಿಮಾನ ಹತ್ತಿದರೂ, ಅಲ್ಲಿಂದ ಬಸ್ಸು ಹಿಡಿದರೂ ಅಷ್ಟರೊಳಗೆ ಮುಟ್ಟುವಂತಿರಲಿಲ್ಲ. ಹಿರುತ್ ಮನೆಗೆ ಬಂದು ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡಳು. ಕೃಷ್ಣಮ್ಮ ಬಾಗಿಲು ತಟ್ಟಿ ತೆಗೆಸಿ, ವಿಷಯ ಕೇಳಿ, ಕೆಳಗಿಳಿದು ಬಂದವರೇ ಮಾವನ ಮುಂದೆ ನಿಂತರು.

“ಮಾವ, ಮನೆ ಮುಂದೆ ಶಾಮಿಯಾನ ಆಕಿಸ್ಬೇಕು. ಮೂರ್ ದಿನ.”

ಸಿನಿಮಾದ ಕಥೆಯನ್ನು ಚಿಕ್ಕಹನುಮಯ್ಯನವರೂ ಸೊಸೆಯ ಬಾಯಿಂದ ಕೇಳಿದ್ದರು. “ಆಕ್ಸು,” ಅಂದರು.

ಶಾಮಿಯಾನದ ಲಾಲ್ ಸಾಬ್ ಬಣ್ಣದ ಬಟ್ಟೆ ಹೇರಿಕೊಂಡು ಆಟೊದಲ್ಲಿ ಬಂದ.

“ಏನ್ ಫಂಕ್ಷನ್ ಅಮ್ಮ?”

“ಸಾವು.”

“ಅಯ್ಯೋ. ಯಾರ್ದು?”

“ಮೇಲಿನ ಮನೆ ಉಡ್ಗಿ ತಾಯಿದು.”

“ಬಾಡಿ ಯಾವಾಗ್ ಬರುತ್ತೆ?”

“ಬರಲ್ಲ. ಅವರೂರಲ್ಲೇ ಐತೆ.”

ಲಾಲ್ ಸಾಬ್ ಆಟೊ ತಿರುಗಿಸಿಕೊಂಡು ಹೋಗಿ, ಬಣ್ಣದ ಬಟ್ಟೆ ಇಳಿಸಿ, ಬಿಳಿಯದನ್ನು ತಂದು ಕಟ್ಟಿದ.

ಎದುರು ಮನೆಯ ವಿಜಯಕುಮಾರರು ಕಾರು ತೆಗೆಯಲು ಜಾಗವಿಲ್ಲ ಎಂದು ಗೊಣಗಿದರು. ಇಲ್ಲಿ ಯಾರೂ ಸತ್ತಿಲ್ಲವಲ್ಲ, ಇದೆಲ್ಲ ಯಾಕೆ ಎಂದು ಕೇಳಿದರು. ಚಿಕ್ಕಹನುಮಯ್ಯನವರು ಮೊದಲ ಬೆಂಚಿನ ಮೇಲೆ ಕೋಲು ಇಟ್ಟುಕೊಂಡು ಕೂತವರು ಏಳಲೂ ಇಲ್ಲ. “ಮೂರ್ ದಿವ್ಸ ಆಚೆ ರೋಡಲ್ಲಿ ನಿಲ್ಸಪ್ಪ. ಒಂದ್ ಉಡ್ಗಿಗೆ ತಾಯಿ ಓಗವ್ಳೆ,” ಎಂದರು.

ಕೃಷ್ಣಮ್ಮ ಕಡಲೆಕಾಳು, ಗೋಧಿ ಬೇಯಿಸಿ ದೊಡ್ಡ ಪಾತ್ರೆ ತುಂಬ ಗುಗ್ಗರಿ ಮಾಡಿದರು. ಒಗ್ಗರಣೆ ಹಾಕಲಿಲ್ಲ, ಸಿನಿಮಾದಲ್ಲಿ ಬರೀ ಉಪ್ಪು ಹಾಕಿದ್ದನ್ನು ನೋಡಿದ್ದರು. ಸ್ಮಿತಾ ಹಿರುತ್‌ಳ ಮೊಬೈಲಿನಿಂದ ಅವಳ ತಾಯಿಯ ಫೋಟೋ ತೆಗೆಸಿ, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದಳು. ಊದುಬತ್ತಿ ಹಚ್ಚಬಹುದೋ ಬೇಡವೋ ಎಂದು ಕೃಷ್ಣಮ್ಮನಿಗೆ ಅನುಮಾನ. ಹಚ್ಚಿದರು, ಮತ್ತೆ ಆರಿಸಿದರು.

ನಾನು ಹೋದಾಗ ಸಂಜೆ ನಾಲ್ಕಾಗಿತ್ತು. ಎಂಟು ಜನ ಇದ್ದೆವು. ಹಿರುತ್ ಮೆಟ್ಟಿಲ ಮೇಲೆ ನಿಂತು ನೋಡಿ, ಮುಖ ಮುಚ್ಚಿಕೊಂಡು, “ಬೇಡ ಅಮ್ಮ, ಎಲ್ರೂ ಓಗ್ಲಿ, ನಂಗೆ ನಾಚಿಕೆ,” ಅಂದಳು. ಕೃಷ್ಣಮ್ಮ ಅವಳನ್ನು ಕೈಹಿಡಿದು ಇಳಿಸಿ ಚಾಪೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕೂತರು. ಬೆನ್ನು ಸವರಿ, “ಐಜೋಶ್,” ಎಂದರು.

ಅವರ ಉಚ್ಚಾರ ಮಾಕಳಿಯದು. ಹಿರುತ್‌ಗೆ ಮೊದಲು ತಿಳಿಯಲಿಲ್ಲ. ಎರಡನೇ ಸಲ ಹೇಳಿದಾಗ ತಿಳಿಯಿತು. ಬೆಳಿಗ್ಗೆಯಿಂದ ಒಣಗಿದ್ದ ಕಣ್ಣು ಆಗ ತುಂಬಿ ಹರಿಯಿತು. ಅವಳು ಅತ್ತ ದನಿ ಕೇಳಿ ಬೀದಿಯ ಆಚೆ ಕಡೆಯ ಎರಡು ಮನೆಯ ಬಾಗಿಲು ತೆರೆದವು.

ಮಾರನೇ ದಿನ ಜನ ಬಂದರು. ಹಿಂದಿನ ಬೀದಿಯ ಜಾಹಿದಾ ಫ್ಲಾಸ್ಕಿನಲ್ಲಿ ಚಹಾ ತಂದು ಎರಡು ಗಂಟೆ ಕೂತರು. ಸಸಿ ಕೌಂಟರಿನವರು, ಹೊಲದಲ್ಲಿ ಕಳೆ ಕೀಳುವ ಹೆಂಗಸರು ಕೆಲಸ ಮುಗಿಸಿ ಬಂದರು. ಹೆಬ್ಬಾಳ, ಆರ್.ಟಿ. ನಗರದ ಕಡೆ ಇದ್ದ ಇಥಿಯೋಪಿಯಾದ ಆರು ವಿದ್ಯಾರ್ಥಿಗಳು ಬಿಳೀ ಹೊದಿಕೆ ಹೊದ್ದು ಬಂದವರು ಬೀದಿಯ ತಿರುವಿನಲ್ಲೇ ನಿಂತುಬಿಟ್ಟರು. ಅವರು ಹಿರುತ್‌ಳನ್ನು ಕೋಣೆಯಲ್ಲಿ ಕಂಡು ಹೋಗಲು ಬಂದಿದ್ದವರು. ಡೇರೆ ನೋಡಿ ಅವರಲ್ಲಿ ಒಬ್ಬ ಅಲ್ಲೇ ಚರಂಡಿ ಕಲ್ಲಿನ ಮೇಲೆ ಕೂತು ಅಳತೊಡಗಿದ. ಮೂರನೇ ದಿನ ವಿಜಯಕುಮಾರರ ಹೆಂಡತಿ ಒಂದು ಕುಕ್ಕರ್ ಅನ್ನ ಕಳಿಸಿದರು, ವಿಜಯಕುಮಾರರು ಬರಲಿಲ್ಲ.

ಡೇರೆ ಬಿಚ್ಚಿದ ಮೇಲೆ ಹಿರುತ್ ಲ್ಯಾಬಿಗೆ ಹೋದಳು. ಕೃಷ್ಣಮ್ಮ ಕೆಲಸಕ್ಕೆ ಹೋದರು. ಉಳಿದ ಮೂರು ಸಿನಿಮಾಗಳನ್ನು ಏಪ್ರಿಲ್ ಮುಗಿಯುವುದರೊಳಗೆ ನೋಡಿದೆವು. ಅದರಲ್ಲೊಂದು ಹಿರುತ್‌ಳ ತಾಯಿಗೆ ಇಷ್ಟವಾದದ್ದು, ಮದುವೆ ಮನೆಯ ಗಲಾಟೆಯ ಕಥೆ. ಅವಳು ಅದನ್ನು ಬಾಗಿಲ ಬಳಿ ನಿಂತೇ ನೋಡಿದಳು.

ಮುಲುಗೇಟಾ ಹೂವಿನ ಊರಿಗೆ ಹೋದದ್ದು ಆಗಸ್ಟಿನಲ್ಲಿ. ತೋಟ ಕೈಬದಲಾಗಿ, ಹಳಬರು ಚದುರಿಹೋಗಿದ್ದರು. ವಿಚಾರಿಸುತ್ತ ವಿಚಾರಿಸುತ್ತ, ನಾಗಭೂಷಣ ಊಟ ಮಾಡುತ್ತಿದ್ದ ಸಣ್ಣ ಹೋಟೆಲಿನ ಹೆಂಗಸು ಸಿಕ್ಕಳು. ಅಲ್ಮಾಜ್ ಎಂದು ಹೆಸರು, ಮೊದಲು ತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದವಳು. ಒಂದು ಬೆಳಿಗ್ಗೆ ಅವಳು ವಿಡಿಯೋ ಕಾಲ್‌ನಲ್ಲಿ ಬಂದಳು. ತಾರಸಿಯ ಮೇಲೆ ಕೃಷ್ಣಮ್ಮ, ಚಿಕ್ಕಹನುಮಯ್ಯ, ಸ್ಮಿತಾ ಕೂತಿದ್ದರು. ನನ್ನನ್ನೂ ಕರೆದಿದ್ದರು. ಹಿರುತ್ ನಡುವೆ ಕೂತು ಆ ಭಾಷೆಯನ್ನು ಕನ್ನಡ ಮಾಡುತ್ತಿದ್ದಳು.

ಅಲ್ಮಾಜ್ ಸುತ್ತಿ ಬಳಸಿ ಹೇಳುವವಳಲ್ಲ. ನಾಗ ಎಂದು ನಾವೆಲ್ಲ ಕರೀತಿದ್ವಿ. ಅವನಿಗೆ ನಾಲ್ಕು ದಿನ ಜ್ವರ ಇತ್ತು. ಊರಿಗೆ ತಿಳಿಸು ಅಂದೆ, ಇಲ್ಲಿಂದ ಹೇಳಿ ಅವರ ಹೊಟ್ಟೆ ಉರಿಸೋದೇಕೆ ಅಂದ. ಸತ್ತಾಗ ಡೇರೆ ಹಾಕಲಿಲ್ಲ. ಕಹಳೆ ಊದಲಿಲ್ಲ. ಜನ ಸೇರಬಾರದು ಅಂತ ಕಾನೂನು ಇತ್ತು.

ಹಿರುತ್ ಒಂದೊಂದನ್ನೂ ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು.

ಆದರೆ ಶೆಡ್ಡಿನ ಹೆಂಗಸರು ನಾವು ಹನ್ನೊಂದು ಜನ ಹೋಗಿದ್ವಿ ಎಂದಳು ಅಲ್ಮಾಜ್. ಒಳಗೆ ಬಿಡಲಿಲ್ಲ. ಬೇಲಿಯ ಆಚೆ ನಿಂತು ಅತ್ವಿ.

“ಎಂಗೆ?” ಕೃಷ್ಣಮ್ಮ ಕೇಳಿದರು. “ಸುಮ್ಕೆ ಕಣ್ಣೀರು ಆಕಿದ್ರಾ, ಜೋರಾಗಿ ಅತ್ರಾ?”

ಹಿರುತ್ ಕೇಳಿ, ಉತ್ತರ ಹೇಳಿದಳು: “ಜೋರಾಗಿ. ಪೊಲೀಸ್ನೋರು ಬಂದು ಓಗಿ ಅನ್ನೋವರ್ಗೂ.”

ಆಮೇಲೆ ಅಲ್ಮಾಜ್ ಫೋನ್ ಹಿಡಿದುಕೊಂಡು ನಡೆದು ಸ್ಮಶಾನ ತೋರಿಸಿದಳು. ಹುಲ್ಲು ಬೆಳೆದಿತ್ತು. ಒಂದು ಕಲ್ಲಿನ ಮೇಲೆ ನೀಲಿ ಬಣ್ಣದಲ್ಲಿ ಅವರ ಅಕ್ಷರ. ಹಿರುತ್ ಓದಿದಳು: “ನಾಗ. ಹೂವಿನವನು. ಇಂಡಿಯಾ.”

ಚಿಕ್ಕಹನುಮಯ್ಯನವರು ಕೈ ಮುಗಿದರು. ಕೃಷ್ಣಮ್ಮ ಮಾತ್ರ ಎದ್ದು ನಿಂತರು. ಅವರ ಮುಖ ಕೆಂಪಾಗಿತ್ತು. “ನಾಕ್ ದಿನ ಜ್ವರ! ದಿನಾ ಸಂಜೆ ಚೆನ್ನಾಗಿವ್ನಿ, ಚೆನ್ನಾಗಿವ್ನಿ ಅಂದ್ರು ನಂಗೆ!” ಎಂದವರೇ ಸರಸರ ಕೆಳಗಿಳಿದು ಹೋದರು. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ ಎಂದು ಸ್ಮಿತಾ ಹೇಳಿದಳು. ಅಡಿಗೆ ಮಾಡಿದರು, ಕೆಲಸಕ್ಕೆ ಹೋದರು, ಗಂಡನ ಫೋಟೋದ ಕಡೆ ನೋಡಲಿಲ್ಲ. ಸತ್ತವರ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡವರನ್ನು ನಾನು ಕಂಡಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಸ್ನಾನ ಮಾಡಿ ಫೋಟೋ ಒರೆಸಿ ಹೂ ಇಟ್ಟು, ಮೆಟ್ಟಿಲ ಬುಡದಲ್ಲಿ ನಿಂತು ಹಿರುತ್‌ಳನ್ನು ಕೂಗಿದರು: “ಆ ವಮ್ಮನ್ಗೆ ಇನ್ನೊಂದ್ಸಲ ಫೋನ್ ಮಾಡು. ನಾನು ಸರ್ಯಾಗಿ ಮಾತಾಡ್ಲಿಲ್ಲ.”

ಅರ್ಜಿಗಳ ವಿಷಯ ಚಿಕ್ಕಹನುಮಯ್ಯನವರು ತಾವಾಗಿಯೇ ಎತ್ತಿದರು. ಒಂದು ಸಂಜೆ ನಾನು ಹೋದಾಗ ಜಗಲಿಯ ಮೇಲೆ ಸೊಸೆಗೆ ಹೇಳುತ್ತಿದ್ದರು: “ಎತ್ಸದು ಬ್ಯಾಡ ಕಣಮ್ಮ. ಎಸ್ರು ಬರ್ದವ್ರೆ, ಜಾಗ ಕೊಟ್ಟವ್ರೆ. ಮಲಗವ್ನೆ, ಮಲಗ್ಲಿ.” ಕೃಷ್ಣಮ್ಮ ತಲೆಯಾಡಿಸಿದರು. ಹಳಿ ಪಕ್ಕದ ಜಾಗದಲ್ಲಿ ಮಗನಿಗೆಂದು ಬಿಡಿಸಿಟ್ಟ ಕಡೆ ಈಗ ಚಿಕ್ಕಹನುಮಯ್ಯನವರು ಮೆಣಸಿನ ಸಸಿ ನೆಟ್ಟಿದ್ದಾರೆ.

ಹಿರುತ್ ಈ ವರ್ಷ ಪಿಎಚ್‌ಡಿ ಮುಗಿಸಿ ಊರಿಗೆ ಹೋದಳು. ಮೇಲಿನ ಮನೆಯಲ್ಲಿ ಈಗ ಬೀದರಿನ ಗಂಡ ಹೆಂಡತಿ ಇದ್ದಾರೆ. ಸ್ಮಿತಾ ಯಲಹಂಕದ ಆಸ್ಪತ್ರೆಯೊಂದರಲ್ಲಿ ನರ್ಸ್. ಕೃಷ್ಣಮ್ಮ ಸಸಿ ಕೌಂಟರಿನಲ್ಲೇ ಇದ್ದಾರೆ, ಗುಲಾಬಿಯನ್ನೂ ಅವರೇ ಎತ್ತಿಕೊಡುತ್ತಾರೆ.

ಮಂಗಳವಾರ ಅವರಿಗೆ ರಜೆ. ಅಂದು ಬೆಳಿಗ್ಗೆ ಅಲ್ಮಾಜ್‌ಗೆ ವಿಡಿಯೋ ಕಾಲ್ ಮಾಡುತ್ತಾರೆ. ನಡುವೆ ಕನ್ನಡ ಮಾಡಿ ಹೇಳುವವರು ಈಗ ಯಾರೂ ಇಲ್ಲ. ಇವರು ಕನ್ನಡದಲ್ಲಿ ಏನೋ ಕೇಳುತ್ತಾರೆ, ಅವಳು ತನ್ನ ಭಾಷೆಯಲ್ಲಿ ಏನೋ ಹೇಳುತ್ತಾಳೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಫೋನನ್ನು ಗೋಡೆಗೆ ಒರಗಿಸಿ ಇಡುತ್ತಾರೆ. ಅವಳು ಅಲ್ಲಿ ಈರುಳ್ಳಿ ಹೆಚ್ಚುತ್ತಾಳೆ, ಇವರು ಇಲ್ಲಿ ಮುದ್ದೆಗೆ ಎಸರಿಡುತ್ತಾರೆ. ಹೋದ ವಾರ ನಾನು ಹೋದಾಗಲೂ ಹಾಗೇ ಕೆಲಸ ಮಾಡುತ್ತಿದ್ದರು. ನಾನು ಒಳಗೆ ಬಂದದ್ದನ್ನು ಕಂಡು ಅಲ್ಮಾಜ್ ಅಲ್ಲಿಂದಲೇ ಏನೋ ಅಂದಳು. ಕೃಷ್ಣಮ್ಮ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿ, “ಕೂತ್ಕೊಬೇಕಂತೆ,” ಎಂದರು.